ಬಿಸಿಲಿತ್ತು, ಹಡಗಿರಲಿಲ್ಲ: ದ್ವೀಪಕ್ಕೆ ಹೋಗುವವರಿಗೆ ಹವೆ ಮತ್ತು ದುಡ್ಡಿನ ಮಾತು

ಈ ಆಕಾಶ ನೋಡಿ. ಒಂದು ಮೋಡವೂ ಇಲ್ಲ. ಆಗಸ್ಟ್ ತಿಂಗಳು, ಗ್ರೀಸ್‌ನ ಅಮೊರ್ಗೊಸ್ ದ್ವೀಪ. ಬ್ಯಾಗ್ ಹಿಡಿದು ಬಂದರಿಗೆ ಬಂದು ನಿಂತಿದ್ದೇನೆ. ಇವತ್ತು ಹಡಗು ಹೊರಡುವುದಿಲ್ಲವಂತೆ.

ಮಳೆಯಿಲ್ಲ, ಗುಡುಗಿಲ್ಲ. ಬರೀ ಗಾಳಿ. ಇಲ್ಲಿಯವರು ಇದಕ್ಕೆ ಮೆಲ್ಟೆಮಿ ಅನ್ನುತ್ತಾರೆ. ಬೇಸಿಗೆಯಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಬೀಸುವ ಗಾಳಿ ಇದು. ಜುಲೈ, ಆಗಸ್ಟ್‌ನಲ್ಲೇ ಜೋರು ಜಾಸ್ತಿ. ಹಿಡಿದರೆ ಕೆಲವು ದಿನ ಬಿಡುವುದೇ ಇಲ್ಲ. ಹೊರಡುವ ಮೊದಲು ನಾನು ದಿನಾ ಫೋನಿನಲ್ಲಿ ಹವೆ ನೋಡುತ್ತಿದ್ದೆ. ಎಲ್ಲ ದಿನಕ್ಕೂ ಸೂರ್ಯನ ಚಿತ್ರ. ಅದರ ಕೆಳಗೇ ಗಾಳಿಯ ವೇಗವೂ ಇತ್ತು, ನಾನು ಅಲ್ಲಿಗೆ ಕಣ್ಣು ಹಾಯಿಸಿರಲಿಲ್ಲ. ನಾನು ಉಳಿದಿದ್ದ ಮನೆಯ ಅಜ್ಜಿ ಮಾತ್ರ ಬೆಳಗ್ಗೆ ಕಿಟಕಿ ತೆಗೆದು ಸಮುದ್ರ ನೋಡಿ, ತಲೆ ಅಲ್ಲಾಡಿಸಿದ್ದರು. ನೀರಿನ ಮೇಲೆ ಉದ್ದಕ್ಕೂ ಬಿಳಿ ನೊರೆ.

ಹಡಗಿನ ಟಿಕೆಟ್ ದುಡ್ಡು ವಾಪಸ್ ಬಂತು. ಮರುದಿನ ಅಥೆನ್ಸ್‌ನಿಂದ ಇದ್ದ ವಿಮಾನದ ದುಡ್ಡು ಬರಲಿಲ್ಲ. ಎರಡೂ ಬೇರೆ ಬೇರೆ ಟಿಕೆಟ್ ಅಲ್ವಾ, ಹಡಗು ನಿಂತದ್ದಕ್ಕೆ ವಿಮಾನದವರು ಹೊಣೆಯಲ್ಲ. ಮತ್ತೆರಡು ರಾತ್ರಿಯ ಬಾಡಿಗೆಯೂ ನನ್ನದೇ. ಹವೆ ಕೆಟ್ಟು ಹಡಗು ನಿಂತರೆ ಉಳಿಯುವ ಖರ್ಚನ್ನು ಹಡಗಿನವರು ಕೊಡಬೇಕಾಗಿಲ್ಲ ಎಂದು ಯುರೋಪ್ ಒಕ್ಕೂಟದ ನಿಯಮದಲ್ಲೇ ಇದೆ.

ಹಾಗಾಗಿ ಬೇರೇನು ಮರೆತರೂ ಇದೊಂದನ್ನು ಮರೆಯಬೇಡಿ. ವಾಪಸ್ ಬರುವಾಗ ಒಂದು ದಿನ ಖಾಲಿ ಇಟ್ಟುಕೊಳ್ಳಿ. ವಿಮಾನದ ಹಿಂದಿನ ರಾತ್ರಿ, ವಿಮಾನ ಎಲ್ಲಿಂದ ಹಾರುತ್ತದೋ ಆ ಊರಿನಲ್ಲೇ ಮಲಗಿ. ದ್ವೀಪದಲ್ಲಿ ಒಂದು ದಿನ ಕಡಿಮೆಯಾಯಿತು ಅಂತ ಬೇಜಾರಾಗುತ್ತದೆ, ಗೊತ್ತು. ಆದರೂ ಹಾಗೇ ಮಾಡಿ. ಮಾಲ್ಡೀವ್ಸ್‌ನಲ್ಲಿ ಹೋಗುವಾಗಲೇ ಇದು ಬೇಕಾಗಬಹುದು. ಅಲ್ಲಿ ನೀರಿನ ಮೇಲೆ ಇಳಿಯುವ ಚಿಕ್ಕ ವಿಮಾನಗಳು ಹಗಲಲ್ಲಿ ಮಾತ್ರ ಹಾರುತ್ತವೆ. ಸಂಜೆ ಬಂದು ಇಳಿದರೆ ಆ ರಾತ್ರಿ ರಾಜಧಾನಿ ಮಾಲೆಯ ಆಸುಪಾಸಿನಲ್ಲೇ ಉಳಿಯಬೇಕು, ದೂರದ ರೆಸಾರ್ಟಿಗೆ ಆಗಲೇ ದುಡ್ಡು ಕಟ್ಟಿದ್ದರೂ.

ಈಗ ಮಳೆಯ ವಿಷಯ. ಉಷ್ಣವಲಯದ ದ್ವೀಪದ ಹೆಸರು ಹಾಕಿ ನೋಡಿದರೆ ಫೋನು ಹತ್ತು ದಿನಕ್ಕೂ ಮಳೆಯ ಚಿತ್ರ ತೋರಿಸಬಹುದು. ಅಷ್ಟಕ್ಕೇ ಹೆದರಬೇಡಿ. ಎಷ್ಟೋ ಸಲ ಅದು ಮಧ್ಯಾಹ್ನದ ಒಂದು ಗಂಟೆಯ ಮಳೆ. ಬಿಸಿಲಿಗೆ ನೆಲ ಕಾಯುತ್ತದೆ, ತೇವದ ಗಾಳಿ ಮೇಲೇರುತ್ತದೆ, ಮೋಡ ಕಟ್ಟಿ ಸುರಿದು ಹೋಗುತ್ತದೆ. ದೋಣಿಯ ಸುತ್ತಾಟ ಬೆಳಗ್ಗೆಗೇ ಇಟ್ಟುಕೊಂಡರೆ ಆಯಿತು. ಗಂಟೆ ಗಂಟೆಯ ಲೆಕ್ಕ ನೋಡಿ, ಅದರ ಜೊತೆ ಗಾಳಿ, ಅಲೆಯ ಎತ್ತರ ನೋಡಿ. ಗಾಳಿಯನ್ನು ನಾಟ್‌ನಲ್ಲಿ ಕೊಟ್ಟಿದ್ದರೆ ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್.

ಇನ್ನೊಂದು ಮಾತು, ಇದು ನನಗೆ ತುಂಬಾ ಇಷ್ಟದ ವಿಷಯ. ದ್ವೀಪಕ್ಕೆ ಒಂದೇ ಹವೆ ಇರುವುದಿಲ್ಲ. ಹವಾಯಿಯ ದೊಡ್ಡ ದ್ವೀಪದಲ್ಲಿ ಹಿಲೋ ಊರಿಗೆ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಬೆಟ್ಟದ ಆ ಕಡೆ ಇರುವ ಕೋನಾ ಒಣ ನೆಲ. ಈಶಾನ್ಯದಿಂದ ಬರುವ ಗಾಳಿ ಮೋಡವನ್ನು ಹಿಲೋ ಕಡೆಯೇ ಖಾಲಿ ಮಾಡಿಬಿಡುತ್ತದೆ. ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲೂ ಅಷ್ಟೇ. ಉತ್ತರ ಹಸಿರು, ದಕ್ಷಿಣ ಬಿಸಿಲು, ನಡುವೆ 3,715 ಮೀಟರ್ ಎತ್ತರದ ಟೇಡೆ ಬೆಟ್ಟ. ಶ್ರೀಲಂಕಾದಲ್ಲಿ ತಿಂಗಳು ನೋಡಿ ದಡ ಆರಿಸಿಕೊಳ್ಳಬೇಕು. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಮುಂಗಾರಿಗೆ ಪಶ್ಚಿಮ ದಡ ನೆನೆಯುತ್ತಿದ್ದರೆ ಪೂರ್ವ ದಡದ ಟ್ರಿಂಕೋಮಲಿ ಕಡೆ ಸಮುದ್ರ ಶಾಂತ. ಕೊಠಡಿ ಬುಕ್ ಮಾಡುವಾಗ ದ್ವೀಪದ ಹೆಸರು ನೋಡಿದರೆ ಸಾಲದು, ಯಾವ ದಿಕ್ಕಿನ ದಡ ಅನ್ನುವುದನ್ನು ನಕ್ಷೆಯಲ್ಲಿ ನೋಡಿ.

ಚಂಡಮಾರುತದ ತಿಂಗಳಲ್ಲಿ ಬಾಡಿಗೆ ಅಗ್ಗ. ಕೆರಿಬಿಯನ್‌ನಲ್ಲಿ ಆ ಕಾಲ ಜೂನ್ 1ರಿಂದ ನವೆಂಬರ್ 30, ನಡುವಿನ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜಾಸ್ತಿ. ಮಾರಿಷಸ್ ಭೂಮಧ್ಯರೇಖೆಯ ಕೆಳಗಿದೆ, ಅಲ್ಲಿ ತಿರುಗಾಮುರುಗಾ, ನವೆಂಬರ್‌ನಿಂದ ಏಪ್ರಿಲ್. ಕೆರಿಬಿಯನ್‌ನಲ್ಲೇ ದಕ್ಷಿಣ ಅಂಚಿನ ಅರೂಬಾ, ಬೊನೇರ್, ಕುರಸಾವ್‌ ದ್ವೀಪಗಳಿಗೆ ಚಂಡಮಾರುತ ಬಡಿಯುವುದು ಅಪರೂಪ. ಒಂದೇ ಕಡೆ ಸುಮ್ನೆ ವಿಶ್ರಾಂತಿಗೆ ಹೋಗುವವರಾದರೆ ಅಗ್ಗದ ತಿಂಗಳು ಪರವಾಗಿಲ್ಲ. ಐದು ದಿನದಲ್ಲಿ ಮೂರು ದ್ವೀಪ ಸುತ್ತುವ ಆಸೆಯಿದ್ದರೆ ನಾನು ಬೇಡ ಅನ್ನುತ್ತೇನೆ. ಹೋಗುವುದಾದರೆ ವಿಮೆಯನ್ನು ಟಿಕೆಟ್ ಕೊಂಡ ದಿನವೇ ಮಾಡಿಸಿ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಸಾಮಾನ್ಯವಾಗಿ ಅದರ ನಷ್ಟಕ್ಕೆ ಬರುವುದಿಲ್ಲ.

ದೋಣಿಯಲ್ಲಿ ತಂಪು ಗಾಳಿಗೆ ಚರ್ಮ ಸುಡುವುದು ಗೊತ್ತಾಗುವುದಿಲ್ಲ. ತೆಳು ಮೋಡವಿದ್ದರೂ ನೇರಳಾತೀತ ಕಿರಣ ಶೇಕಡಾ 80ರವರೆಗೂ ಇಳಿದು ಬರಬಹುದು. ಮಕ್ಕಳಿಗೆ ತುಂಬುತೋಳಿನ ಅಂಗಿ ಹಾಕಿ, ದಯವಿಟ್ಟು.

ಇನ್ನು ಕೈಯಲ್ಲಿನ ದುಡ್ಡು. ಇಲ್ಲಿ ನೋಡಿ, ಬಂದರಿನ ಎಟಿಎಂ ಮುಂದಿನ ಸಾಲು. ಹಡಗು ನಿಂತ ದಿನ ಎಲ್ಲರಿಗೂ ಒಟ್ಟಿಗೇ ನಗದು ಬೇಕಾಯಿತು. ಮಧ್ಯಾಹ್ನಕ್ಕೆ ನೋಟು ಖಾಲಿ. ಚಿಕ್ಕ ದ್ವೀಪಕ್ಕೆ ನೋಟೂ ದೋಣಿಯಲ್ಲೇ ಬರಬೇಕಲ್ವಾ. ನೆಟ್‌ವರ್ಕ್ ಹೋದರೆ ಕಾರ್ಡ್ ಯಂತ್ರವೂ ನಿಲ್ಲುತ್ತದೆ. ಎರಡು ದಿನದ ಊಟ, ಎರಡು ರಾತ್ರಿಯ ಬಾಡಿಗೆಗೆ ಆಗುವಷ್ಟು ನಗದನ್ನು ಬೇರೆಯೇ ಇಟ್ಟು, ಕೊನೆಯ ದಿನದವರೆಗೂ ಮುಟ್ಟಬೇಡಿ. ದೊಡ್ಡ ಊರಿನಲ್ಲೇ ತೆಗೆದುಕೊಂಡು ಹೊರಡಿ. ಎರಡು ಕಾರ್ಡ್ ಇದ್ದರೆ ಎರಡು ಬ್ಯಾಗಿನಲ್ಲಿ ಇಡಿ.

ಕಾರ್ಡ್ ಯಂತ್ರ ಒಂದು ಪ್ರಶ್ನೆ ಕೇಳುತ್ತದೆ: ನಿಮ್ಮ ದೇಶದ ಹಣದಲ್ಲಿ ಕೊಡುತ್ತೀರಾ, ಇಲ್ಲಿನ ಹಣದಲ್ಲಾ? ಯಾವಾಗಲೂ ಅಲ್ಲಿನ ಹಣವನ್ನೇ ಒತ್ತಿ. ನಿಮ್ಮ ಹಣ ಆರಿಸಿದರೆ ಅಂಗಡಿಯ ಕಡೆಯವರು ಹೇಳಿದ್ದೇ ದರ, ಅದು ಹೆಚ್ಚಾಗಿ ನಿಮ್ಮ ಬ್ಯಾಂಕಿನ ದರಕ್ಕಿಂತ ದುಬಾರಿ. ಎಟಿಎಂನಲ್ಲೂ ಇದೇ ಪ್ರಶ್ನೆ ಬರುತ್ತದೆ.

ಟ್ಯಾಕ್ಸಿಯವರು ಇಪ್ಪತ್ತು ಡಾಲರ್ ಅಂದರೆ ಯಾವ ಡಾಲರ್ ಅಂತ ಕೇಳಿಯೇ ಹತ್ತಿ. ಬಾರ್ಬಡೋಸ್‌ನಲ್ಲಿ ಎರಡು ಡಾಲರ್ ಸೇರಿದರೆ ಅಮೆರಿಕದ ಒಂದು ಡಾಲರ್. ಆಂಟಿಗುವಾ, ಸೇಂಟ್ ಲೂಸಿಯಾದ ಪೂರ್ವ ಕೆರಿಬಿಯನ್ ಡಾಲರ್ ಆದರೆ 2.70 ಬೇಕು. ಜರ್ಸಿ, ಗರ್ನ್ಸಿ ದ್ವೀಪಗಳ ಪೌಂಡ್ ನೋಟು ಬ್ರಿಟನ್ನಿನ ಪೌಂಡಿಗೆ ಸಮ. ಆದರೆ ದ್ವೀಪ ದಾಟಿದ ಮೇಲೆ ಅಂಗಡಿಗಳು ಅದನ್ನು ಬೇಡ ಅನ್ನಬಹುದು. ಹೊರಡುವ ಮೊದಲೇ ಖರ್ಚು ಮಾಡಿ. ರೆಸಾರ್ಟ್ ಬೆಲೆ ನೋಡುವಾಗ ತೆರಿಗೆ, ಸೇವಾ ಶುಲ್ಕ, ದೋಣಿ ಖರ್ಚು ಸೇರಿದೆಯಾ ಅಂತ ಕೇಳಿ. ಬಾಲಿಗೆ ಹೋಗುವ ವಿದೇಶಿಯರಿಗೆ 2024ರ ಫೆಬ್ರವರಿಯಿಂದ ಇಂಡೊನೇಷ್ಯಾದ ಹಣದಲ್ಲಿ 1,50,000 ರುಪಿಯಾದ ಪ್ರವಾಸಿ ಶುಲ್ಕ ಬೇರೆ ಇದೆ.

ಇದು ಮೂರನೇ ದಿನದ ಬೆಳಗ್ಗೆ. ಅಜ್ಜಿ ಕಿಟಕಿ ತೆಗೆದಿದ್ದಾರೆ. ನೀರಿನ ಮೇಲೆ ನೊರೆಯಿಲ್ಲ. ನನ್ನ ಬ್ಯಾಗಿನ ಕಡೆ ಕೈ ತೋರಿಸುತ್ತಿದ್ದಾರೆ.