ಕ್ಯಾಮೆರಾ ಎಲ್ಲಿ ನಿಂತಿತ್ತು?

ನಮಸ್ಕಾರ. ಫೋಟೋ ತೆಗೆಯುವ ಹುಚ್ಚು ಇರುವ ಹುಡುಗ ಹುಡುಗಿಯರು ರೇಡಿಯೋ ಕೇಳುತ್ತಿದ್ದೀರಿ ಎಂದುಕೊಂಡೇ ಮಾತಾಡುತ್ತೇನೆ. ಹಳೆಯ ಫೋಟೋ ಕೈಗೆ ಸಿಕ್ಕರೆ ಎಲ್ಲರೂ ಕೇಳುವುದು ಒಂದೇ, ಇದು ಯಾವ ಊರು, ಇವರು ಯಾರು ಅಂತ. ಅದು ಆಮೇಲೆ. ಮೊದಲು ಕ್ಯಾಮೆರಾ ಎಲ್ಲಿ ನಿಂತಿತ್ತು ಅಂತ ಕೇಳಿ.

ಜಾನ್ ಥಾಮ್ಸನ್ ಅನ್ನುವ ಫೋಟೋಗ್ರಾಫರ್‌ನ ಕಥೆ ಕೇಳಿ. ಸ್ಕಾಟ್‌ಲೆಂಡಿನವನು, 1837ರಲ್ಲಿ ಹುಟ್ಟಿದವನು. ಸಿಂಗಾಪುರ, ಸಯಾಮ್ ಅಂದರೆ ಈಗಿನ ಥಾಯ್ಲೆಂಡ್, ಕಾಂಬೋಡಿಯಾದ ಅಂಗ್‌ಕೋರ್ ಎಲ್ಲ ಸುತ್ತಿ 1868ರಲ್ಲಿ ಹಾಂಗ್‌ಕಾಂಗಿಗೆ ಬಂದು ಸ್ಟುಡಿಯೋ ಇಟ್ಟ. ಅಲ್ಲೇ ಕೂತು ಗಿರಾಕಿಗಳ ಫೋಟೋ ತೆಗೆದುಕೊಂಡು ಇರಬಹುದಿತ್ತು. ಕೂರಲಿಲ್ಲ. ದಕ್ಷಿಣ ಚೀನಾದ ಫುಜಿಯಾನ್ ಪ್ರಾಂತ್ಯಕ್ಕೆ ಹೋದ. 1870-71ರ ಸುಮಾರು. ಫುಝೌ ಊರಿನಿಂದ ಮಿನ್ ನದಿಯಲ್ಲಿ ದೋಣಿ ಹತ್ತಿ ಮೇಲಕ್ಕೆ ಹೊರಟ, ಜೊತೆಗೆ ಚೀನೀ ಭಾಷೆ ಚೆನ್ನಾಗಿ ಬಲ್ಲ ಜಸ್ಟಸ್ ಡೂಲಿಟಲ್ ಅನ್ನುವ ಅಮೆರಿಕದ ಮಿಷನರಿ. ವುಯಿ ಬೆಟ್ಟಗಳ ಚಹಾ ಬಂದರಿಗೆ ಇಳಿಯುತ್ತಿದ್ದದ್ದು ಇದೇ ನದಿಯಲ್ಲಿ.

ಈಗ ಅವನ ಸಾಮಾನು ಕೇಳಿ. ಆಗ ಫಿಲ್ಮ್ ಇಲ್ಲ, ಗಾಜು. ದೊಡ್ಡ ಚಿತ್ರ ಬೇಕಿದ್ದರೆ ಅಷ್ಟೇ ದೊಡ್ಡ ಗಾಜು, ಅದು ಹಿಡಿಸುವಷ್ಟು ದೊಡ್ಡ ಕ್ಯಾಮೆರಾ. ಗಾಜಿನ ಮೇಲೆ ಕೊಲೋಡಿಯನ್ ಅನ್ನುವ ಅಂಟು ದ್ರವ ಸುರಿದು, ಮೂಲೆ ಮೂಲೆಗೂ ಹರಿಯುವಂತೆ ಓರೆ ಮಾಡಬೇಕು, ಕತ್ತಲ ಗುಡಾರದೊಳಗೆ ಬೆಳ್ಳಿಯ ದ್ರಾವಣದಲ್ಲಿ ಅದ್ದಬೇಕು, ಒದ್ದೆ ಇರುವಾಗಲೇ ಕ್ಯಾಮೆರಾಕ್ಕೆ ಹಾಕಿ ಚಿತ್ರ ತೆಗೆದು, ಒಣಗುವ ಮುಂಚೆ ಓಡಿ ಬಂದು ಅದೇ ಗುಡಾರದಲ್ಲಿ ತೊಳೆದು ಮುಗಿಸಬೇಕು. ಎಲ್ಲ ಸೇರಿ ಹತ್ತು ನಿಮಿಷ ಅನ್ನಿ. ಬಿಸಿಲಿದ್ದರೆ ಇನ್ನೂ ಕಡಿಮೆ. ಹಾಗಾಗಿ ಕ್ಯಾಮೆರಾ ಎಲ್ಲಿಗೆ ಹೋಯಿತೋ ಗುಡಾರ, ಗಾಜು, ಸೀಸೆಗಳು, ನೀರು ಎಲ್ಲವೂ ಅಲ್ಲಿಗೇ ಹೋಗಬೇಕು. ಹೊತ್ತವರು ಕೂಲಿಗಳು.

ಇಷ್ಟು ಗೊತ್ತಿಟ್ಟುಕೊಂಡು ಯುವಾನ್‌ಫು ಮಠದ ಚಿತ್ರ ನೋಡಿ. ನನಗೆ ಇದರ ಮೇಲೆ ಪ್ರಾಣ! ಬಂಡೆಯ ಗವಿಯ ಬಾಯಲ್ಲಿ ಕಟ್ಟಿದ ಬೌದ್ಧ ಮಠ. ಕೆಳಗೆ ನೆಲ ಇಲ್ಲ, ಉದ್ದುದ್ದ ಮರದ ಕಂಬಗಳ ಮೇಲೆ ನಿಂತಿದೆ. ಎದುರಿನಿಂದ ಹತ್ತಿರ ನಿಂತು ತೆಗೆದಿದ್ದರೆ ಅದೊಂದು ಮಾಮೂಲಿ ಮಾಡಿನ ಕಟ್ಟಡ ಅಷ್ಟೇ. ಥಾಮ್ಸನ್ ಹಾಗೆ ಮಾಡಲಿಲ್ಲ. ಕಂಬ, ಅಡ್ಡಮರ, ಹಿಂದಿನ ಬಂಡೆ ಎಲ್ಲ ಒಟ್ಟಿಗೆ ಕಾಣುವ ಜಾಗ ಹುಡುಕಿದ. ಮಠ ಹೇಗೆ ನಿಂತಿದೆ ಅನ್ನುವುದು ಕಂಡದ್ದು ಆ ಜಾಗದಿಂದ. ಕ್ಯಾಮೆರಾ ಅಲ್ಲಿ ನಿಂತಿತ್ತು ಅಂದರೆ ಹೊರೆ ಹೊತ್ತವರೂ ಆ ಗುಡ್ಡ ಹತ್ತಿದ್ದಾರೆ ಅಂತಲೇ ಅರ್ಥ, ಅಲ್ವಾ? ಚಿತ್ರದಲ್ಲಿ ಅವರಿಲ್ಲ. ಆದರೆ ಆ ಪ್ರಶ್ನೆ ಕೇಳಿದ ಕೂಡಲೇ ಅವರೂ ಕಾಣುತ್ತಾರೆ.

ನೀವು ಮೊಬೈಲು ಹಿಡಿದು ನಿಂತಲ್ಲೇ ಇಪ್ಪತ್ತು ಸಲ ಒತ್ತುತ್ತೀರಿ. ಒತ್ತಿ, ಬೇಡ ಅನ್ನುವುದಿಲ್ಲ. ಆದರೆ ಒಂದು ಸಲವಾದರೂ ಜಾಗ ಬಿಟ್ಟು ಕದಲಿ ಮಾರಾಯರೇ!

ಸಮಯ ಆಗುತ್ತಾ ಬಂತು. ನದಿ ನಡುವಿನ ಪುಟ್ಟ ದ್ವೀಪದ ಪಗೋಡ, ಫುಝೌದ ಉದ್ದನೆಯ ಕಲ್ಲು ಸೇತುವೆ, ಹಡಗು ಕಟ್ಟುವ ಕಾರ್ಖಾನೆ, ಯೆನ್‌ಪಿಂಗ್ ಊರಿನ ಹತ್ತಿರ ನದಿಯ ರಭಸದ ನೀರು, ಇವೆಲ್ಲದರ ಬಗ್ಗೆ ಹೇಳಬೇಕಿತ್ತು. 1873ರಲ್ಲಿ ಈ ಪ್ರಯಾಣದ 80 ಚಿತ್ರಗಳು ಆಲ್ಬಮ್ ಆಗಿ ಬಂದವು. ಕಾರ್ಬನ್ ಮುದ್ರಣ, ಬಣ್ಣ ಮಾಸುವುದಿಲ್ಲ. ಅವನ ಗಾಜಿನ ನೆಗೆಟಿವ್‌ಗಳು ಲಂಡನ್ನಿನ ವೆಲ್‌ಕಮ್ ಸಂಗ್ರಹದಲ್ಲಿವೆ, ಇಂಟರ್ನೆಟ್ಟಿನಲ್ಲಿ ದುಡ್ಡು ಕೊಡದೆ ನೋಡಬಹುದು. ಇವತ್ತು ರಾತ್ರಿಯೇ ದ್ವೀಪದ ಪಗೋಡದ ಚಿತ್ರ ತೆರೆಯಿರಿ. ಕೆಳಗಿನ ವಿವರಣೆ ಓದಬೇಡಿ. ಅವನು ಯಾವ ದಡದಲ್ಲಿ, ಎಷ್ಟು ಎತ್ತರದಲ್ಲಿ ನಿಂತಿದ್ದ ಅಂತ ಮೊದಲು ನೀವೇ ಹೇಳಿ. ನಮಸ್ಕಾರ.