ಒಂದು ಸಾಲು ತಿದ್ದಲು ಹೋಗಿ 600 ಸಾಲು ಬದಲಾಯಿಸಿದೆ: ಓಪನ್ ಸೋರ್ಸ್‌ಗೆ ಕೈ ಹಾಕುವ ಮುಂಚೆ

[ಸ್ಕ್ರೀನ್ ಮೇಲೆ: ಒಂದು ಪುಲ್ ರಿಕ್ವೆಸ್ಟ್. ಮೇಲಿಂದ ಕೆಳಗಿನವರೆಗೆ ಬರೀ ಕೆಂಪು, ಹಸಿರು ಸಾಲು.]

ಇದು ನನ್ನ ಮೊದಲ ಪುಲ್ ರಿಕ್ವೆಸ್ಟ್, ಅಂದರೆ ಬೇರೆಯವರ ಪ್ರಾಜೆಕ್ಟ್‌ಗೆ 'ನನ್ನ ಈ ಬದಲಾವಣೆ ಸೇರಿಸಿಕೊಳ್ಳಿ' ಅಂತ ಕಳಿಸುವ ಕೋರಿಕೆ. ಕೆಂಪು ಅಂದರೆ ತೆಗೆದ ಸಾಲು, ಹಸಿರು ಅಂದರೆ ಸೇರಿಸಿದ ಸಾಲು. ನಾನು ಸರಿ ಮಾಡಲು ಹೊರಟಿದ್ದು ಒಂದೇ ಒಂದು ಸಾಲು. ಎರರ್ ಮೆಸೇಜ್‌ನಲ್ಲಿ ಫೈಲ್ ಹೆಸರು ಬರುತ್ತಿರಲಿಲ್ಲ, ಅದು ಬರುವ ಹಾಗೆ ಮಾಡಬೇಕಿತ್ತು, ಅಷ್ಟೇ. ಆದರೆ ಇಲ್ಲಿ ನೋಡಿ, 600ಕ್ಕೂ ಜಾಸ್ತಿ ಸಾಲು ಬದಲಾಗಿವೆ. ಏನಾಯಿತು ಅಂದರೆ, ಸೇವ್ ಮಾಡಿದಾಗಲೆಲ್ಲ ಕೋಡನ್ನು ತಾನೇ ಫಾರ್ಮ್ಯಾಟ್ ಮಾಡುವ ಸೆಟ್ಟಿಂಗ್ ನನ್ನ ಎಡಿಟರ್‌ನಲ್ಲಿ ಆನ್ ಆಗಿತ್ತು. ಆ ಪ್ರಾಜೆಕ್ಟ್‌ನವರು ಸಾಲಿನ ಮುಂದೆ ಜಾಗ ಬಿಡಲು ಟ್ಯಾಬ್ ಬಳಸುತ್ತಿದ್ದರು, ನನ್ನ ಎಡಿಟರ್ ಎಲ್ಲವನ್ನೂ ಸ್ಪೇಸ್ ಮಾಡಿಬಿಟ್ಟಿತು. ನಾನು ನೋಡಲೇ ಇಲ್ಲ. ಕಳಿಸಿಬಿಟ್ಟೆ.

ಮಾರನೇ ದಿನ ಮೇಂಟೇನರ್, ಅಂದರೆ ಆ ಪ್ರಾಜೆಕ್ಟ್ ನೋಡಿಕೊಳ್ಳುವವರು, ಒಂದೇ ಪ್ರಶ್ನೆ ಕೇಳಿದ್ದರು. "ಇದರಲ್ಲಿ ನೀವು ಬದಲಾಯಿಸಿದ್ದು ಯಾವುದು?"

ಬೈದಿದ್ದರೂ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ನಮಸ್ಕಾರ. ಓಪನ್ ಸೋರ್ಸ್‌ಗೆ, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್‌ಗೆ, ಕಾಂಟ್ರಿಬ್ಯೂಟ್ ಮಾಡುವುದು ಹೇಗೆ ಅಂತ ಕೇಳಿದರೆ ತುಂಬಾ ಜನ ಗಿಟ್ (ಕೋಡ್‌ನ ಪ್ರತಿ ಬದಲಾವಣೆಯ ಲೆಕ್ಕ ಇಡುವ ಟೂಲ್) ಕಮಾಂಡ್ ಹೇಳಿಕೊಡುತ್ತಾರೆ. ಫೋರ್ಕ್ ಮಾಡಿ, ಕ್ಲೋನ್ ಮಾಡಿ, ಬ್ರಾಂಚ್ ಮಾಡಿ, ಕಮಿಟ್, ಪುಶ್. ಅದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ನನಗೆ ವರ್ಷ ಹಿಡಿದಿದ್ದು ಇನ್ನೊಂದು ವಿಷಯ: ನಾನು ಕಳಿಸಿದ್ದನ್ನು ಆ ಕಡೆ ಒಬ್ಬರು ಕೂತು ಓದಬೇಕು, ಅವರಿಗೆ ಅದಕ್ಕೆ ಯಾರೂ ಸಂಬಳ ಕೊಡುತ್ತಿಲ್ಲದೇ ಇರಬಹುದು, ಅವರು ಓದುತ್ತಿರುವುದು ಕೆಲಸ ಮುಗಿಸಿ ಬಂದು ರಾತ್ರಿ ಹನ್ನೊಂದಕ್ಕೆ ಇರಬಹುದು.

ಉತ್ಪ್ರೇಕ್ಷೆ ಅನ್ನಿಸಿತಾ? 2014ರ ಏಪ್ರಿಲ್‌ಗೆ ಹೋಗೋಣ.

[ಸ್ಕ್ರೀನ್ ಮೇಲೆ: ಬ್ರೌಸರ್‌ನ ಬೀಗದ ಚಿತ್ರ]

ವೆಬ್‌ಸೈಟ್ ವಿಳಾಸದ ಪಕ್ಕ ಬೀಗ ಬರುತ್ತಿತ್ತಲ್ಲ, ಆ ಬೀಗದ ಹಿಂದೆ ಎಷ್ಟೋ ಸರ್ವರ್‌ಗಳಲ್ಲಿ ಇದ್ದಿದ್ದು ಓಪನ್‌ಎಸ್‌ಎಸ್‌ಎಲ್, ಮಾಹಿತಿಯನ್ನು ಗುಟ್ಟಾಗಿ ಕಳಿಸಲು ಬಳಸುವ ಓಪನ್ ಸೋರ್ಸ್ ಕೋಡ್. ಅದರಲ್ಲಿ ಸಿಕ್ಕ ಬಗ್‌ಗೆ ಹಾರ್ಟ್‌ಬ್ಲೀಡ್ ಅಂತ ಹೆಸರು. ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಹೀಗೆ ಕೇಳುತ್ತದೆ ಅಂದುಕೊಳ್ಳಿ: "ಇದ್ದೀಯಾ? ಇದ್ದರೆ ಈ ಪದ ವಾಪಸ್ ಕಳಿಸು, ಇದರಲ್ಲಿ 4 ಅಕ್ಷರ ಇದೆ." ಅದು ವಾಪಸ್ ಕಳಿಸುತ್ತದೆ. ಸರಿ. ಈಗ ಯಾರೋ ಕಿಡಿಗೇಡಿ 4 ಅಕ್ಷರ ಕೊಟ್ಟು "ಇದರಲ್ಲಿ 64 ಸಾವಿರ ಇದೆ" ಅಂದರೆ? ಕೋಡ್ ಎಣಿಸಿ ನೋಡುತ್ತಿರಲಿಲ್ಲ. ಹೇಳಿದ್ದನ್ನು ನಂಬಿ, ಮೆಮೊರಿಯಲ್ಲಿ ಪಕ್ಕದಲ್ಲಿ ಏನಿದೆಯೋ ಅದನ್ನೆಲ್ಲ ಬಾಚಿ ಕೊಟ್ಟುಬಿಡುತ್ತಿತ್ತು. ಅದರಲ್ಲಿ ಯಾರದೋ ಪಾಸ್‌ವರ್ಡ್ ಇರಬಹುದು, ಸರ್ವರ್‌ನ ಗುಟ್ಟಿನ ಬೀಗದ ಕೈ, ಅಂದರೆ ಪ್ರೈವೇಟ್ ಕೀನೇ ಇರಬಹುದು.

ಆ ಕೋಡ್ ಕೂಡ ಒಬ್ಬರು ಒಳ್ಳೆ ಮನಸ್ಸಿನಿಂದ ಕೊಟ್ಟ ಕೊಡುಗೆಯೇ. ಒಬ್ಬರು ರಿವ್ಯೂ ಮಾಡಿದ್ದರು. ಇಬ್ಬರ ಕಣ್ಣಿಗೂ ಬೀಳಲಿಲ್ಲ. 2012ರಲ್ಲಿ ಬಿಡುಗಡೆಯಾಗಿ ಎರಡು ವರ್ಷ ಹಾಗೇ ಇತ್ತು. ಆಮೇಲೆ ಎಲ್ಲರೂ ಹೋಗಿ ನೋಡಿದರೆ, ಅರ್ಧ ಇಂಟರ್‌ನೆಟ್ ನಂಬಿಕೊಂಡಿದ್ದ ಆ ಪ್ರಾಜೆಕ್ಟ್‌ನಲ್ಲಿ ಪೂರ್ತಿ ಸಮಯ ಕೆಲಸ ಮಾಡುತ್ತಿದ್ದವರು ಒಬ್ಬರೇ ಒಬ್ಬರು. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್.

ಹಾಗಾಗಿ 600 ಸಾಲು ಕಳಿಸಿ "ನೋಡಿ ಸರ್" ಅಂದರೆ ನಾವು ಸಹಾಯ ಮಾಡುತ್ತಿದ್ದೇವಾ, ಇನ್ನೊಂದು ಕೆಲಸ ಹಚ್ಚುತ್ತಿದ್ದೇವಾ?

ಸರಿ, ಎಲ್ಲಿಂದ ಶುರು ಮಾಡುವುದು? ನೀವು ದಿನಾ ಬಳಸುವ ಸಾಫ್ಟ್‌ವೇರ್‌ನಿಂದ. ಹೆಸರು ದೊಡ್ಡದು ಅಂತ ಯಾವುದೋ ಪ್ರಾಜೆಕ್ಟ್ ಹಿಡಿಯಬೇಡಿ. ಪ್ರಾಜೆಕ್ಟ್‌ನ ಬಗ್, ಕೆಲಸಗಳ ಪಟ್ಟಿಯಲ್ಲಿ (ಅಲ್ಲಿನ ಪ್ರತಿಯೊಂದೂ ಒಂದು ಇಶ್ಯೂ) "ಗುಡ್ ಫಸ್ಟ್ ಇಶ್ಯೂ" ಅನ್ನುವ ಲೇಬಲ್ ಇರುತ್ತದೆ, ಹೊಸಬರಿಗೆ ಅಂತಲೇ ಎತ್ತಿಟ್ಟ ಕೆಲಸ, ಅದು ಒಳ್ಳೆಯದೇ. ಆದರೆ ಜನಪ್ರಿಯ ಪ್ರಾಜೆಕ್ಟ್‌ಗಳಲ್ಲಿ ಅಂಥ ಒಂದು ಇಶ್ಯೂ ಕೆಳಗೆ "ನನಗೆ ಅಸೈನ್ ಮಾಡಿ" ಅಂತ ಹತ್ತು ಜನ ಸಾಲಾಗಿ ನಿಂತಿರುತ್ತಾರೆ, ಹತ್ತರಲ್ಲಿ ಎಷ್ಟು ಜನ ಆ ಸಾಫ್ಟ್‌ವೇರ್ ಒಂದು ಸಲವಾದರೂ ಓಡಿಸಿ ನೋಡಿದ್ದಾರೋ ನನಗೆ ಅನುಮಾನ. ನೀವೇ ಬಳಸುವ ಟೂಲ್‌ನಲ್ಲಿ ನಿಮ್ಮನ್ನೇ ಕಾಡುವ ಒಂದು ತೊಂದರೆ ಇದ್ದೇ ಇರುತ್ತದೆ. ಅದನ್ನು ಹಿಡಿಯಿರಿ.

ಕೋಡ್ ಬರೆಯುವುದು ಆಮೇಲೆ. ಮೊದಲು ಅದನ್ನು ಸರಿಯಾಗಿ ಹೇಳಿ.

[ಸ್ಕ್ರೀನ್ ಮೇಲೆ, ಎಡಗಡೆ: "ಆ್ಯಪ್ ಕೆಲಸ ಮಾಡುತ್ತಿಲ್ಲ. ಬೇಗ ಸರಿ ಮಾಡಿ."]

[ಬಲಗಡೆ: "ವರ್ಷನ್ 3.2, ಉಬುಂಟು 24.04. 'ವರದಿ (1).ಸಿಎಸ್‌ವಿ' ಅನ್ನುವ ಫೈಲ್ ತೆರೆದರೆ ಆ್ಯಪ್ ಕ್ರ್ಯಾಶ್ ಆಗುತ್ತದೆ. ಹೆಸರಿನಿಂದ ಬ್ರಾಕೆಟ್ ತೆಗೆದರೆ ಅದೇ ಫೈಲ್ ತೆರೆಯುತ್ತದೆ. 3.1ರಲ್ಲಿ ಈ ತೊಂದರೆ ಇರಲಿಲ್ಲ. ಎರರ್ ಲಾಗ್ ಕೆಳಗಿದೆ."]

ಬಲಗಡೆಯದು ಬರೆಯಲು ಇಪ್ಪತ್ತು ನಿಮಿಷ ಬೇಕು, ಒಂದು ಸಾಲು ಕೋಡ್ ಗೊತ್ತಿರಬೇಕಾಗಿಲ್ಲ. ಆದರೆ ಅದರಲ್ಲಿ ಏನೆಲ್ಲ ಇದೆ ನೋಡಿ. ಬ್ರಾಕೆಟ್ ತೆಗೆದು ನೋಡಿದ್ದಾರೆ, ಅಂದರೆ ಕಾರಣವನ್ನು ಅರ್ಧ ಅವರೇ ಹುಡುಕಿಕೊಟ್ಟಿದ್ದಾರೆ. "3.1ರಲ್ಲಿ ಇರಲಿಲ್ಲ" ಅನ್ನುವ ಒಂದು ಮಾತಂತೂ ಚಿನ್ನ. ಗಿಟ್‌ನಲ್ಲಿ ಬೈಸೆಕ್ಟ್ ಅಂತ ಒಂದು ಕಮಾಂಡ್ ಇದೆ. ಚೆನ್ನಾಗಿದ್ದ ವರ್ಷನ್ ಇದು, ಕೆಟ್ಟ ವರ್ಷನ್ ಇದು ಅಂತ ಹೇಳಿದರೆ ಮಧ್ಯದ ಕಮಿಟ್ (ಗಿಟ್‌ನಲ್ಲಿ ದಾಖಲಾದ ಒಂದು ಬದಲಾವಣೆ) ಎತ್ತಿ ಕೊಡುತ್ತದೆ, ಪರೀಕ್ಷೆ ಮಾಡಿ ಹೇಳಿದರೆ ಉಳಿದಿದ್ದರಲ್ಲಿ ಮತ್ತೆ ಅರ್ಧ. ನಡುವೆ 1,000 ಕಮಿಟ್ ಇದ್ದರೂ ಸುಮಾರು ಹತ್ತು ಸಲ ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಎಡಗಡೆಯದನ್ನು ಬರೆದವರಿಗೆ ಮೇಂಟೇನರ್ ಮೊದಲು ನಾಲ್ಕು ಪ್ರಶ್ನೆ ಕೇಳಬೇಕು, ಅವರು ಉತ್ತರ ಕೊಡುವುದೇ ಇಲ್ಲ, ಇಶ್ಯೂ ಹಾಗೇ ಧೂಳು ಹಿಡಿಯುತ್ತದೆ.

ಬರೀ ರಿಪೋರ್ಟ್ ಮಾಡುವುದೂ ಒಂದು ಕೊಡುಗೆನಾ ಅನ್ನುವವರಿಗೆ 2024ರ ಮಾರ್ಚ್‌ನ ಕಥೆ ಹೇಳುತ್ತೇನೆ. ಆಂಡ್ರೆಸ್ ಫ್ರಾಯ್ಂಡ್ ಅಂತ ಒಬ್ಬ ಎಂಜಿನಿಯರ್, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್. ಅವರ ಲಿನಕ್ಸ್ ಮೆಷಿನ್‌ನಲ್ಲಿ ಎಸ್‌ಎಸ್‌ಎಚ್ ಲಾಗಿನ್ (ದೂರದಿಂದ ಇನ್ನೊಂದು ಕಂಪ್ಯೂಟರ್‌ಗೆ ಒಳಹೋಗುವುದು) ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿತ್ತು. ಅರ್ಧ ಸೆಕೆಂಡ್! ನಾನಾಗಿದ್ದರೆ ನೆಟ್‌ವರ್ಕ್ ಸ್ಲೋ ಅಂತ ಬೈದು ಮುಂದೆ ಹೋಗುತ್ತಿದ್ದೆ. ಅವರು ಬೆನ್ನು ಹತ್ತಿದರು. ಎಕ್ಸ್‌ಝೆಡ್ ಅನ್ನುವ ಕಂಪ್ರೆಷನ್ ಟೂಲ್‌ನ 5.6.0 ಮತ್ತು 5.6.1 ವರ್ಷನ್‌ಗಳಲ್ಲಿ ಯಾರೋ ಬೇಕಂತಲೇ, ಗುಟ್ಟಾಗಿ ಒಳನುಗ್ಗಲು, ಹಿಂಬಾಗಿಲು ಇಟ್ಟಿದ್ದು ಸಿಕ್ಕಿತು. ತಿಂಗಳ 29ಕ್ಕೆ ಎಲ್ಲರಿಗೂ ತಿಳಿಸಿದರು.

ಇಟ್ಟವರು ಯಾರು? "ಜಿಯಾ ಟಾನ್" ಅನ್ನುವ ಹೆಸರಿನ ಒಂದು ಅಕೌಂಟ್. ಅದು ಎರಡು ವರ್ಷಕ್ಕೂ ಜಾಸ್ತಿ ಒಳ್ಳೊಳ್ಳೆ ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸುತ್ತಾ ನಂಬಿಕೆ ಗಳಿಸಿತ್ತು. ಆ ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದವರು ಒಬ್ಬರೇ, ದಣಿದಿದ್ದರು, ಅದರ ನಡುವೆ ಬೇರೆ ಕೆಲವು ಅಕೌಂಟ್‌ಗಳು ಬಂದು "ಕೆಲಸ ಯಾಕಿಷ್ಟು ನಿಧಾನ, ಇನ್ನೊಬ್ಬರಿಗೆ ಬಿಟ್ಟುಕೊಡಿ" ಅಂತ ಒತ್ತಡ ಹಾಕುತ್ತಿದ್ದವು.

ಇದನ್ನು ಕೇಳಿದ ಮೇಲೆ ನಿಮ್ಮ ಮೊದಲ ಪ್ಯಾಚ್‌ಗೆ ಯಾರಾದರೂ "ಇದು ಯಾಕೆ ಬೇಕು?" ಅಂತ ಮೂರು ಸಲ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಮತ್ತೆ, ಉತ್ತರ ಬರಲಿಲ್ಲ ಅಂತ ದಿನಾ "ಅಪ್‌ಡೇಟ್ ಏನು?" ಅಂತ ಕೇಳಬೇಡಿ. ಎರಡು ವಾರ ಬಿಟ್ಟು ಒಂದು ಸಲ ನೆನಪಿಸಿದರೆ ಸಾಕು.

ಡಾಕ್ಯುಮೆಂಟೇಷನ್ ಬಗ್ಗೆ ಒಂದು ಮಾತು. ಇನ್‌ಸ್ಟಾಲ್ ಮಾಡುವಾಗ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತೀರಿ ನೋಡಿ, ಆಗಲೇ ಬರೆದಿಟ್ಟುಕೊಳ್ಳಿ. ಹಳಬರಿಗೆ ಆ ತೊಡಕು ಕಾಣುವುದೇ ಇಲ್ಲ, ಅವರ ಮೆಷಿನ್‌ನಲ್ಲಿ ಎಲ್ಲ ಸೆಟ್ ಆಗಿರುತ್ತದೆ. ಒಂದು ತಿಂಗಳಾದರೆ ನಿಮಗೂ ಕಾಣುವುದಿಲ್ಲ.

ಹಾಗಂತ ಸುಮ್ನೆ ಲೆಕ್ಕ ತುಂಬಿಸಲು ಒಂದು ಪದ ಸೇರಿಸಿ ಕಳಿಸುವುದು ಬೇಡ. ಓಪನ್ ಸೋರ್ಸ್‌ಗೆ ಜನರನ್ನು ಸೆಳೆಯಲು ನಡೆಸುವ ಹ್ಯಾಕ್‌ಟೋಬರ್‌ಫೆಸ್ಟ್‌ನಲ್ಲಿ, 2020ರ ಅಕ್ಟೋಬರ್ ತಿಂಗಳಲ್ಲಿ 4 ಪುಲ್ ರಿಕ್ವೆಸ್ಟ್ ಕಳಿಸಿದರೆ ಟಿ-ಶರ್ಟ್ ಇತ್ತು. ಪ್ರಾಜೆಕ್ಟ್‌ನ ಪರಿಚಯ ಇರುವ ರೀಡ್‌ಮೀ ಫೈಲ್‌ಗೆ "ಸೂಪರ್ ಪ್ರಾಜೆಕ್ಟ್" ಅನ್ನುವ ಥರದ ಸಾಲು ಸೇರಿಸಿದ ರಿಕ್ವೆಸ್ಟ್‌ಗಳ ಪ್ರವಾಹವೇ ಬಂತು, ಮೇಂಟೇನರ್‌ಗಳು ಅದನ್ನು ಮುಚ್ಚುವುದರಲ್ಲೇ ಸುಸ್ತಾದರು. ಕೊನೆಗೆ ತಿಂಗಳು ಶುರುವಾದ ಕೆಲವೇ ದಿನಕ್ಕೆ ನಿಯಮ ಬದಲಾಯಿಸಿ, ಒಪ್ಪಿಕೊಂಡ ಪ್ರಾಜೆಕ್ಟ್‌ಗಳಿಗೆ ಮಾತ್ರ ಅಂತ ಮಾಡಬೇಕಾಯಿತು. ಈಗ ಅದೇ ಕಾಟವನ್ನು ಎಐ ಕೊಡುತ್ತಿದೆ. ಕರ್ಲ್ ಅನ್ನುವ, ಇಂಟರ್‌ನೆಟ್‌ನಿಂದ ಡೇಟಾ ತರಿಸುವ-ಕಳಿಸುವ ಟೂಲ್ ಶುರು ಮಾಡಿದ ಡೇನಿಯಲ್ ಸ್ಟೆನ್‌ಬರ್ಗ್, ಎಐ ಬರೆದ ಸುಳ್ಳು ಸೆಕ್ಯುರಿಟಿ ರಿಪೋರ್ಟ್‌ಗಳು ಎಷ್ಟು ಟೈಮ್ ತಿನ್ನುತ್ತವೆ ಅಂತ ಹೇಳುತ್ತಲೇ ಇದ್ದಾರೆ. ಬಳಸಬೇಡಿ ಅನ್ನುತ್ತಿಲ್ಲ. ನಿಮಗೇ ಅರ್ಥವಾಗದ ಸಾಲು ಇದ್ದರೆ ಕಳಿಸಬೇಡಿ.

ಇನ್ನು ಕಳಿಸುವ ದಿನದ ಕೆಲಸ. ಕಾಂಟ್ರಿಬ್ಯೂಟಿಂಗ್ ಅನ್ನುವ ಫೈಲ್ ಇರುತ್ತದೆ, ಓದಿ. ಲಿನಕ್ಸ್ ಕರ್ನಲ್ ಥರದ ಕೆಲವು ಕಡೆ ಪ್ರತಿ ಕಮಿಟ್ ಕೆಳಗೆ "ಸೈನ್ಡ್-ಆಫ್-ಬೈ" ಸಾಲು ಬೇಕು, ಈ ಕೋಡ್ ಕೊಡುವ ಹಕ್ಕು ನನಗಿದೆ ಅಂತ ಹೇಳುವ ಸಾಲು ಅದು. ದೊಡ್ಡ ಬದಲಾವಣೆ ಆದರೆ ಬರೆಯುವ ಮುಂಚೆ ಕೇಳಿ, ಬರೆದ ಮೇಲೆ ಬೇಡ ಅನ್ನಿಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಕಮಿಟ್ ಮೆಸೇಜ್‌ನಲ್ಲಿ ಯಾಕೆ ಬದಲಾಯಿಸಿದಿರಿ ಅಂತ ಬರೆಯಿರಿ, ಏನು ಬದಲಾಯಿತು ಅನ್ನುವುದು ಕೋಡ್‌ನಲ್ಲೇ ಕಾಣುತ್ತದೆ. ಆಮೇಲೆ, ನನ್ನ ಸಲುವಾಗಿಯಾದರೂ, ಪುಶ್ ಮಾಡುವ ಮುಂಚೆ ಒಂದು ಸಲ ಗಿಟ್ ಡಿಫ್ (ಏನೇನು ಬದಲಾಗಿದೆ ಅಂತ ತೋರಿಸುವ ಕಮಾಂಡ್) ಹೊಡೆದು ಪೂರ್ತಿ ಓದಿ.

[ಸ್ಕ್ರೀನ್ ಮೇಲೆ: ಮತ್ತೆ ಆ ಮೊದಲ ಪುಲ್ ರಿಕ್ವೆಸ್ಟ್. ಈಗ ಒಂದು ಕೆಂಪು ಸಾಲು, ಒಂದು ಹಸಿರು ಸಾಲು.]

ನನ್ನದು ಏನಾಯಿತು ಅಂತ ಕೇಳುತ್ತೀರಿ ಅಲ್ವಾ. ಫಾರ್ಮ್ಯಾಟಿಂಗ್ ಎಲ್ಲ ವಾಪಸ್ ತೆಗೆದು, ಆ ಒಂದು ಸಾಲು ಮಾತ್ರ ಉಳಿಸಿ ಮತ್ತೆ ಕಳಿಸಿದೆ, "ಕ್ಷಮಿಸಿ, ಎಡಿಟರ್ ಸೆಟ್ಟಿಂಗ್ ಎಡವಟ್ಟು" ಅಂತ ಬರೆದೆ. ಒಂದು ಗಂಟೆಯಲ್ಲಿ ಉತ್ತರ ಬಂತು. "ಈಗ ಚೆನ್ನಾಗಿದೆ. ಇದಕ್ಕೆ ಒಂದು ಟೆಸ್ಟ್ ಬರೆಯುತ್ತೀರಾ?"

ಆ ಒಂದು ಸಾಲಿಗೆ ಟೆಸ್ಟ್, ಅಂದರೆ ಅದು ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ಪರೀಕ್ಷಿಸುವ ಕೋಡ್, ಬರೆಯಲು ನನಗೆ ಮೂರು ದಿನ ಹಿಡಿಯಿತು. ಅದನ್ನು ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ.