ಕಾಲುಸಂಕದ ಅರ್ಜಿ

ಕೇಳುಗರಿಗೆ ನಮಸ್ಕಾರ.

ನಾನು ಕಲಿಸುತ್ತಿದ್ದ ಶಾಲೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ ಕಡೆಯ ಒಂದು ಹಳ್ಳಿಯಲ್ಲಿತ್ತು. ಶಾಲೆಗೂ ಆಚೆ ಕೇರಿಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಪಾದ ಮುಳುಗುವಷ್ಟು ನೀರು. ಆರಿದ್ರೆ ಮಳೆ ಹಿಡಿಯಿತೆಂದರೆ ಎದೆಮಟ್ಟ. ಊರವರು ಪ್ರತಿ ವರ್ಷ ಅಡಿಕೆ ಮರ ಕಡಿದು ಕಾಲುಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ, ಹಾಕುತ್ತಿದ್ದರು. ಮಳೆ ಜೋರಾದ ದಿನ ಹಾಜರಿ ಕರೆಯುವ ಮೊದಲು ನಾನು ಕಿಟಕಿಯಿಂದ ಹಳ್ಳದ ಕಡೆ ನೋಡುತ್ತಿದ್ದೆ.

ಶಾಸಕರು ಊರಿಗೆ ಬಂದಾಗಲೆಲ್ಲ ನಾವು ಅರ್ಜಿ ಕೊಡುತ್ತಿದ್ದೆವು. ಒಂದೆರಡಲ್ಲ, ಹತ್ತಿಪ್ಪತ್ತು. ಒಬ್ಬರಿಗೆ ಮನೆ ಕಡೆಯ ರಸ್ತೆ, ಒಬ್ಬರಿಗೆ ಮಗನ ವರ್ಗಾವಣೆ, ಇನ್ನೊಬ್ಬರಿಗೆ ದೇವಸ್ಥಾನದ ಸಭಾಭವನ. ಕಾಲುಸಂಕದ್ದೂ ಅದರಲ್ಲೊಂದು. ಎಲ್ಲವೂ ಆಪ್ತ ಸಹಾಯಕರ ಚೀಲ ಸೇರುತ್ತಿದ್ದವು.

ಒಂದು ವರ್ಷ ಊರವರೆಲ್ಲ ಕೂತು ಮಾತಾಡಿದೆವು. ಈ ಸಲ ಒಂದೇ ಅರ್ಜಿ, ಅದು ಕಾಲುಸಂಕದ್ದು. ರಸ್ತೆ ಬೇಕೆಂದಿದ್ದ ಹಿರಿಯರೊಬ್ಬರು ಬೇಜಾರಾಗಿ ಎದ್ದು ಹೋದರು. ಮರುದಿನ ಬೆಳಿಗ್ಗೆ ಬಂದು ಮೊದಲ ಸಹಿ ಅವರೇ ಹಾಕಿದರು. ಗ್ರಾಮಸಭೆಯ ಠರಾವು ಜೊತೆಗಿಟ್ಟೆವು. ಎಷ್ಟು ಮಕ್ಕಳು ದಾಟುತ್ತಾರೆ, ಹೋದ ಮಳೆಗಾಲದಲ್ಲಿ ಎಷ್ಟು ದಿನ ಶಾಲೆ ತಪ್ಪಿತು ಎಂಬುದನ್ನು ಹಾಜರಿ ಪುಸ್ತಕ ನೋಡಿ ನಾನೇ ಬರೆದೆ.

ಶಾಸಕರು ನಿಂತಲ್ಲೇ ಪೂರ್ತಿ ಓದಿದರು. ಜೊತೆಗಿದ್ದ ಇಂಜಿನಿಯರ್ ಹತ್ತಿರ ಅಂದಾಜು ಪಟ್ಟಿ ಮಾಡಿ ಎಂದರು. ಆಮೇಲೆ ಕೆಲಸ ನಿಂತಿತು. ಹಳ್ಳದ ಒಂದು ದಂಡೆ ಅರಣ್ಯದ ಜಾಗ. ನಮ್ಮ ಜಿಲ್ಲೆಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಕಾಡೇ ಅಲ್ವಾ? ಕಾಡು ಉಳಿಯಲೇಬೇಕು, ಮಕ್ಕಳು ದಾಟಲೂಬೇಕು. ಫೈಲು ಒಂದು ಇಲಾಖೆಯಿಂದ ಇನ್ನೊಂದಕ್ಕೆ ಓಡಾಡಿತು.

ಅದು ಮುಂದೆ ಸರಿದದ್ದು ಕೆಡಿಪಿ ಸಭೆಯಲ್ಲಿ. ಇದು ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮದ ಪ್ರಗತಿ ನೋಡುವ ಸಭೆ. ತಾಲ್ಲೂಕಿನಲ್ಲಿ ಶಾಸಕರೇ ಇದರ ಅಧ್ಯಕ್ಷರು. ಎಲ್ಲ ಇಲಾಖೆಯವರೂ ಅಲ್ಲಿರುತ್ತಾರೆ. ನಮ್ಮ ಅರ್ಜಿ ಹಿಡಿದು ಶಾಸಕರು ಎರಡೂ ಇಲಾಖೆಯವರನ್ನು ಎದುರಾ ಬದುರಾ ಕೂರಿಸಿ ಕೇಳಿದರು. ಫೈಲು ಯಾರ ಮೇಜಿನ ಮೇಲಿದೆ ಎಂಬುದು ಅಲ್ಲೇ ಗೊತ್ತಾಯಿತು. ನನಗೆ ಶಾಸಕರ ಕೆಲಸದಲ್ಲಿ ತುಂಬಾ ದೊಡ್ಡದಾಗಿ ಕಾಣುವುದು ಇದೇ.

ಅವರ ಕೈಯಲ್ಲಿರುವ ದುಡ್ಡು ನಾವು ಅಂದುಕೊಂಡಷ್ಟಿಲ್ಲ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಎಂದರೆ ವರ್ಷಕ್ಕೆ 2 ಕೋಟಿ ರೂಪಾಯಿ. ಶಿರಸಿ ಕ್ಷೇತ್ರಕ್ಕೆ ಸಿದ್ದಾಪುರವೂ ಸೇರುತ್ತದೆ, ಕಾರವಾರಕ್ಕೆ ಅಂಕೋಲೆ. ಇಷ್ಟು ಊರುಗಳಿಗೆ ಹಂಚಿದರೆ ಒಂದೊಂದು ಊರಿಗೆ ಎಷ್ಟು ಬಂದೀತು? ಹಾಗಾಗಿ ದೊಡ್ಡ ಕೆಲಸಕ್ಕೆ ಸದನದಲ್ಲೇ ದನಿ ಎತ್ತಬೇಕು. ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಮಂತ್ರಿಗಳು ಎದ್ದು ನಿಂತು ಉತ್ತರಿಸಬೇಕು. ಆ ಉತ್ತರ ಕಡತದಲ್ಲಿ ಉಳಿಯುತ್ತದೆ. 224 ಶಾಸಕರಲ್ಲಿ ನಮ್ಮ ಜಿಲ್ಲೆಯವರು 6 ಜನ. ಆ 6 ದನಿ ಒಂದಾಗಬೇಕಾದ ವಿಷಯ ಆಸ್ಪತ್ರೆಯದ್ದು. ಕಾರವಾರದಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಶುರುವಾಯಿತು. ಆದರೂ ತಲೆಗೆ ಪೆಟ್ಟು ಬಿದ್ದವರನ್ನು ಎತ್ತಿಕೊಂಡು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಿದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. 2019ರಲ್ಲಿ ಜಿಲ್ಲೆಯ ಜನ, ಅದರಲ್ಲೂ ಹುಡುಗರು, ಸುಸಜ್ಜಿತ ಆಸ್ಪತ್ರೆ ಬೇಕೆಂದು ಮೊಬೈಲಿನಲ್ಲೇ ದೊಡ್ಡ ಅಭಿಯಾನ ನಡೆಸಿದರು. ಒಂದೇ ಮಾತನ್ನು ಅಷ್ಟು ಜನ ಕೇಳಿದ್ದು ನೋಡಿ ನನಗೆ ನಮ್ಮ ಊರಿನ ಅರ್ಜಿ ನೆನಪಾಗಿತ್ತು.

ಮದುವೆಗೆ, ಗೃಹಪ್ರವೇಶಕ್ಕೆ ಶಾಸಕರು ಬರಲಿಲ್ಲ ಎಂದು ಸಿಟ್ಟಾಗುವವರು ನಮ್ಮಲ್ಲಿ ತುಂಬಾ ಇದ್ದಾರೆ. ಪ್ರೀತಿಯಿಂದ ಕರೆಯುತ್ತಾರೆ, ಅದು ನನಗೂ ಗೊತ್ತು. ಆದರೆ ಅಧಿವೇಶನ ಮುಗಿಸಿ ಬಂದವರ ಹತ್ತಿರ, "ನಮ್ಮ ತಾಲ್ಲೂಕಿನ ಬಗ್ಗೆ ಏನು ಕೇಳಿದಿರಿ ಸಾರ್?" ಎಂದವರನ್ನು ನಾನು ಕಂಡದ್ದು ಬಹಳ ಕಡಿಮೆ. ಒಮ್ಮೆ ಕೇಳಿ ನೋಡಿ. ಅರ್ಜಿ ಕೊಟ್ಟರೆ ಸ್ವೀಕೃತಿ ತೆಗೆದುಕೊಳ್ಳಿ. ತಿಂಗಳಾದ ಮೇಲೆ ಮತ್ತೆ ಹೋಗಿ.

ನಮ್ಮ ಕಾಲುಸಂಕಕ್ಕೆ ಎರಡು ಮಳೆಗಾಲ ಹಿಡಿಯಿತು. ಕಾಂಕ್ರೀಟಿನದ್ದು, ಎರಡೂ ಕಡೆ ಕಬ್ಬಿಣದ ಸರಳು. ಮೂರನೇ ವರ್ಷ ಆರಿದ್ರೆ ಮಳೆಯಲ್ಲಿ ಆಚೆ ಕೇರಿಯ ಅಷ್ಟೂ ಮಕ್ಕಳು ಒದ್ದೆ ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ನಾನು ನಿವೃತ್ತಿಯಾಗಿ ಬಂದೆ. ಮೊನ್ನೆ ಆ ಊರಿಂದ ಫೋನ್ ಬಂದಿತ್ತು. ಈಗ ಆ ಹಿರಿಯರ ಮನೆ ಕಡೆಯ ರಸ್ತೆಗೆ ಅರ್ಜಿ ಬರೆಯುತ್ತಿದ್ದಾರಂತೆ, ಆಂಬುಲೆನ್ಸ್ ಕೇರಿಯೊಳಗೆ ಬರಲಿ ಎಂದು. ಅವರಿಗೆ ಈಗ ನಡೆಯಲು ಆಗುವುದಿಲ್ಲ. ಗ್ರಾಮಸಭೆಯ ಠರಾವು ಆಗಿದೆ. ಈ ಸಲವೂ ಒಂದೇ ಅರ್ಜಿ.

ನಮಸ್ಕಾರ.